ಅರಿಶಿನ ಹತ್ತಿದ ಬ್ಯಾಗು ಹಳೆಯದಂತೆ

ಯಾವ ಮಾಲು ಹೊಸದು, ಯಾವುದು ಬಳಸಿದ್ದು ಎಂದು ನನಗೆ ಹೇಳಿಕೊಡಲು ಬಂದಿದ್ದ ಆ ಮನುಷ್ಯನ ಮುಖ ನೆನೆದರೆ ಈಗಲೂ ಮೈ ಉರಿಯುತ್ತದೆ. ಮಧುಗಿರಿಯಲ್ಲಿ ಸೀರೆ ಅಂಗಡಿ ಇಟ್ಟುಕೊಂಡವಳು ನಾನು. ಮದುವೆಗೆ ಉಟ್ಟು, ಇಸ್ತ್ರಿ ಮಾಡಿಸಿ, "ಬಣ್ಣ ಹಿಡಿಸಲಿಲ್ಲ ಕಣಕ್ಕ, ಬದಲಾಯಿಸಿ ಕೊಡಿ" ಎಂದು ತರುವವರನ್ನು ಮಡಿಕೆ ಬಿಚ್ಚುವ ಮೊದಲೇ ಹಿಡಿಯುತ್ತೇನೆ. ಸೆರಗನ್ನು ಮೂಗಿಗೆ ಹಿಡಿದರೆ ಸಾಕು, ಮದುವೆ ಊಟಕ್ಕೆ ಏನು ಬಡಿಸಿದ್ದರು ಅಂತಲೂ ಹೇಳಬಲ್ಲೆ. ಅಂಥವಳಿಗೆ ಪಾಠ!

ನಮಗೆ ಸೀರೆ ಕಳಿಸುವ ಕಂಪನಿಯವರು, ಹೆಚ್ಚು ಮಾಲು ಎತ್ತಿದ ಅಂಗಡಿಯವರಿಗೆ ಯುರೋಪ್ ಪ್ರವಾಸ ಇಟ್ಟಿದ್ದರು. ಇಬ್ಬರಿಗೆ ಟಿಕೆಟ್. ನಮ್ಮ ಯಜಮಾನರು "ಸೀಸನ್ನಲ್ಲಿ ಯಾರಾದ್ರೂ ಅಂಗಡಿ ಬಾಗಿಲು ಹಾಕ್ತಾರಾ?" ಎಂದು ಇಲ್ಲೇ ಉಳಿದರು. ನಾನು ಚನ್ನರಾಯನದುರ್ಗದಿಂದ ಅಕ್ಕನನ್ನು ಹೊರಡಿಸಿದೆ. ಬೇರೆ ಯಾರನ್ನು ಕರೆದುಕೊಂಡು ಹೋಗಲಿ? ಅಂಗಡಿ ಇಡುವ ಮೊದಲು ನಾನು ಕೊರಟಗೆರೆ ಬಸ್ಸಿನಲ್ಲಿ ರೆಕ್ಸಿನ್ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಹಳ್ಳಿ ಹಳ್ಳಿಗೆ ಸೀರೆ ಮಾರಲು ಹೊರಟಾಗ ನೆಂಟರೆಲ್ಲ ನಕ್ಕಿದ್ದರು. ಅಕ್ಕ ಮಾತ್ರ ತನ್ನ ಪಡಸಾಲೆಯಲ್ಲಿ ಚಾಪೆ ಹಾಸಿ, ಬೀದಿಯ ಹೆಂಗಸರನ್ನೆಲ್ಲ ಕೂಗಿ ಕೂರಿಸಿದ್ದಳು. ಆ ರೆಕ್ಸಿನ್ ಬ್ಯಾಗಿನೊಳಗೆ ಒಂದು ರೂಪಾಯಿ, ನಾಲ್ಕು ಕಾಳು ಅಕ್ಷತೆ ಹಾಕಿ, "ಹೊಸ ಚೀಲ ಬರಿದಾಗಿ ಮಡಗಬಾರದು ಕಣೇ" ಎಂದವಳೂ ಅವಳೇ.

ಪ್ರವಾಸದ ಕೊನೆಯ ಊರಿನಲ್ಲಿ (ಹೆಸರು ಬೇಡ, ಆ ಊರಿಗೆ ನನ್ನಿಂದ ಪ್ರಚಾರ ಯಾಕೆ) ನಮ್ಮನ್ನು ಒಂದು ದೊಡ್ಡ ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿ ಕಾಫಿ ಬಣ್ಣದ ಒಂದು ಚರ್ಮದ ಬ್ಯಾಗು. ಅಕ್ಕ ಅದನ್ನು ಬೆರಳಲ್ಲಿ ಮುಟ್ಟಿ, ತಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡಳು. ಜೀವಮಾನದಲ್ಲಿ ಅವಳು ತನಗಾಗಿ ಒಂದು ವಸ್ತುವನ್ನು ಹಾಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ.

"ಚೆನ್ನಾಗೈತೆ, ಅಲ್ವಾ ಅಕ್ಕಾ?"

"ಚೆನ್ನಾಗೈತೆ, ಅದ್ಕೇನೀಗ? ನಡಿ, ನಡಿ." ಬೆಲೆ ಕೇಳಿದ ಮೇಲಂತೂ ಕೆನ್ನೆಗೆ ಕೈ ಇಟ್ಟುಕೊಂಡಳು. "ಈ ದುಡ್ಡಿಗೆ ಒಂದು ಸೀಮೆಹಸ ಬತ್ತದೆ ಕಣೇ. ಹಸ ಆದ್ರೆ ಹಾಲಾದ್ರೂ ಕೊಡ್ತದೆ."

ನಾನು ಚೌಕಾಸಿಗೆ ಇಳಿದೆ. ನಮ್ಮ ಜೊತೆಗಿದ್ದ ಟೂರ್ ಮ್ಯಾನೇಜರ್ ಕನ್ನಡದವನೇ. "ಬಾಗಿಲು ತೆಗೆದ ಕೂಡಲೇ ಬಂದಿದ್ದೀವಿ, ಬೋಣಿ ಗಿರಾಕಿನ ಬರಿಗೈಲಿ ಕಳಿಸಬಾರದು ಅಂತ ಹೇಳಪ್ಪ ಈ ಅಂಗಡಿಯಾಕೆಗೆ" ಎಂದೆ. ಅವನು ತಲೆ ಕೆರೆದುಕೊಂಡ. "ಮೇಡಂ, ಬೋಣಿ ಅನ್ನೋದನ್ನ ಇವರಿಗೆ ಹೆಂಗೆ ಹೇಳ್ಲಿ?" ಏನೋ ಹೇಳಿದ. ಅಂಗಡಿಯ ಹೆಂಗಸು ನಗುತ್ತಲೇ ಅಡ್ಡಡ್ಡ ತಲೆ ಆಡಿಸಿದಳು. ಬೆಲೆಯಲ್ಲಿ ಬಿಡಿಗಾಸು ಇಳಿಸುವುದಿಲ್ಲ. ಆದರೆ ಹೊರದೇಶದವರಿಗೆ ಬೆಲೆಯಲ್ಲಿ ಸೇರಿರುವ ತೆರಿಗೆ ವಾಪಸ್ ಬರುತ್ತದೆ. ಪಾಸ್‌ಪೋರ್ಟ್ ತೋರಿಸಿದರೆ ಒಂದು ಕಾಗದ ಕೊಡುತ್ತಾರೆ, ಏರ್‌ಪೋರ್ಟಿನಲ್ಲಿ ಮಾಲು ತೋರಿಸಿ ಅದಕ್ಕೆ ಮುದ್ರೆ ಹಾಕಿಸಿಕೊಂಡರೆ ಹಣ ಕಾರ್ಡಿಗೆ ಬಂದು ಬೀಳುತ್ತದೆ. ನಡುವೆ ಇನ್ನೊಂದು ಕಂಪನಿ ತನ್ನ ಕಮಿಷನ್ ಮುರಿದುಕೊಳ್ಳುತ್ತದಂತೆ. ನಮ್ಮ ಹಣ ನಮಗೆ ಕೊಡಲಿಕ್ಕೂ ಕಮಿಷನ್! ನಮ್ಮೂರಿನ ದಲ್ಲಾಳಿಗಳನ್ನು ಸುಮ್ಮನೆ ಬೈಯುತ್ತೇವೆ. ಆದರೂ ಕಮಿಷನ್ ಹೋಗಿ ಉಳಿಯುವುದು ದೊಡ್ಡ ಮೊತ್ತವೇ.

"ತೆರಿಗೆ ವಾಪಸ್ ಬಂದ್ರೆ ಮಾತ್ರ ನಂಗೆ ಬ್ಯಾಗು. ಇಲ್ಲಾಂದ್ರೆ ಬ್ಯಾಡವೇ ಬ್ಯಾಡ" ಎಂದಳು ಅಕ್ಕ.

"ಬಂದೇ ಬರುತ್ತೆ. ನನ್ನ ಮಾತು" ಎಂದು ಕೈಮೇಲೆ ಕೈ ಹಾಕಿ, ಬ್ಯಾಗು ಕೊಂಡೆ.

ಈ ವಿಷಯದಲ್ಲಿ ಯಾರಿಗೇ ಆಗಲಿ ನಾನು ಹೇಳುವುದು ಇದು: ಏರ್‌ಪೋರ್ಟಿಗೆ ಬೇಗ ಹೋಗಿ. ಸೂಟ್‌ಕೇಸು ಒಪ್ಪಿಸುವ ಮೊದಲೇ ಮುದ್ರೆ ಹಾಕಿಸಿ, ಮಾಲು ಕೈಯಲ್ಲೇ ಇರಲಿ. ಇದಿಷ್ಟನ್ನೂ ನಾನು ಮಾಡಿದ್ದೆ. ಬ್ಯಾಗಿನ ಬೆಲೆಚೀಟಿ ಕೂಡ ಕಿತ್ತಿರಲಿಲ್ಲ. ಸಾಲಿನಲ್ಲಿ ನಿಂತೆವು, ನಮ್ಮ ಸರದಿ ಬಂತು. ಕಸ್ಟಮ್ಸ್ ಅಧಿಕಾರಿ ಕಾಗದ ನೋಡಿದ, ಬ್ಯಾಗು ನೋಡಿದ, ಜಿಪ್ ಎಳೆದ. ಒಳಗೆ ಕೈ ಹಾಕಿದವನು ಒಂದು ರೂಪಾಯಿ ನಾಣ್ಯ ತೆಗೆದ. ಆಮೇಲೆ ಹಳದಿ ಅಕ್ಕಿಕಾಳು.

ನಾನು ಅಕ್ಕನ ಮುಖ ನೋಡಿದೆ. ಬೆಳಗ್ಗೆ ಹೋಟೆಲಿನಲ್ಲಿ ಸ್ನಾನ ಮಾಡಿ ಬಂದವಳು, ತನ್ನ ಕುಂಕುಮದ ಡಬ್ಬಿಯ ಜೊತೆ ಇಟ್ಟುಕೊಂಡಿದ್ದ ಅಕ್ಷತೆಯನ್ನು ಬ್ಯಾಗಿನೊಳಗೆ ಹಾಕಿದ್ದಳು. ಕೈ ಇನ್ನೂ ಒದ್ದೆಯಿತ್ತೋ ಏನೋ, ಒಳಗಿನ ಬಿಳಿ ಬಟ್ಟೆಗೆ ಅರಿಶಿನ ಹತ್ತಿತ್ತು. ಅವನು ಆ ಹಳದಿಯ ಮೇಲೆ ಬೆರಳಿಟ್ಟು ಏನೋ ಅಂದ.

"ಬಳಸಿದ ಬ್ಯಾಗಂತೆ ಮೇಡಂ" ಎಂದ ಟೂರ್ ಮ್ಯಾನೇಜರ್. "ಬಳಸಿದ್ದಕ್ಕೆ ಮುದ್ರೆ ಹಾಕಲ್ಲವಂತೆ."

"ಬಳಸಿದ್ದಾ? ಅರಿಶಿನ ಇದ್ರೆ ಹೊಸದು ಅಂತ ಕಣಯ್ಯಾ ಅರ್ಥ! ನಮ್ಮಲ್ಲಿ ಹೊಸ ಬಟ್ಟೆಗೆ ಅರಿಶಿನ ಹಚ್ಚದೆ ಯಾರು ಉಡ್ತಾರೆ? ಹಿಡಿ ನೋಡು, ಒಂದು ಗೆರೆ ಇದೆಯಾ, ಒಂದು ಮಡಿಕೆ ಇದೆಯಾ? ಬೇಕಾದ್ರೆ ಮೂಸಿ ನೋಡು ಅನ್ನು!"

"ಮೇಡಂ, ಆಫೀಸರಿಗೆ ಮೂಸು ಅಂತ ಹೆಂಗೆ ಹೇಳೋದು?"

"ಬಾಯಲ್ಲಿ ಹೇಳು! ಅಂಗಡೀಲಿ ಯಾಕೆ ಹೇಳ್ಲಿಲ್ಲ, ಒಳಗೆ ಏನೂ ಹಾಕಬಾರದು ಅಂತ?"

"ನೀವು ಬ್ಯಾಗಿಗೆ ಪೂಜೆ ಮಾಡ್ತೀರ ಅಂತ ನಂಗೇನು ಗೊತ್ತು?"

ನಾವು ಹೀಗೆ ಕಿತ್ತಾಡುತ್ತಿರುವಾಗ ಅಕ್ಕ ಮುಂದಕ್ಕೆ ಬಂದಳು. ಎರಡೂ ಕೈ ಬ್ಯಾಗಿನೊಳಗೆ ಹಾಕಿ, ಮೂಲೆಯಲ್ಲಿ ಸಿಕ್ಕಿದ್ದ ಕಾಳುಗಳನ್ನು ಹೆಕ್ಕುತ್ತಾ, "ತೆಗೆದ್ಬುಡ್ತೀನಿ ಸ್ವಾಮಿ, ಎಲ್ಲಾ ತೆಗೆದ್ಬುಡ್ತೀನಿ, ಒಸಿ ತಡೀರಿ" ಎಂದು ಕನ್ನಡದಲ್ಲೇ ಬೇಡಿಕೊಂಡಳು. ಸೆರಗಿನ ತುದಿಯಿಂದ ಆ ಹಳದಿಯನ್ನು ಉಜ್ಜಿದಳು. ಉಜ್ಜಿದಷ್ಟೂ ಅದು ಹರಡಿತು. ಅವನು ನಮ್ಮ ಕಾಗದವನ್ನು ಆಚೆ ತಳ್ಳಿ, ಹಿಂದಿನವರನ್ನು ಬನ್ನಿ ಎಂದು ಕೈ ಬೀಸಿದ. ಅಕ್ಕನ ಕಡೆ ನೋಡಲೂ ಇಲ್ಲ. ನನ್ನ ಸಿಟ್ಟು ಇರುವುದು ಅದಕ್ಕೆ. ಹಣ ಹೋಗಲಿ, ಆಷಾಢದಲ್ಲಿ ಅಂಗಡಿಯಲ್ಲಿ ಅದಕ್ಕಿಂತ ಹೆಚ್ಚು ಕಳೆದುಕೊಂಡು ಮತ್ತೆ ಗಳಿಸಿದ್ದೇನೆ. ಆದರೆ ನನ್ನ ಅಕ್ಕ ಒಬ್ಬ ಅಪರಿಚಿತನ ಮುಂದೆ, ಒಳ್ಳೆಯದಾಗಲಿ ಎಂದು ಹಾಕಿದ ಕಾಳುಗಳನ್ನು ಕಳ್ಳಮಾಲಿನ ಹಾಗೆ ಹೆಕ್ಕಬೇಕಾಯಿತು.

ವಿಮಾನದಲ್ಲಿ ಅವಳು ಅನ್ನ ಮುಟ್ಟಲಿಲ್ಲ. "ನನ್ ಕೈಯಿಂದ್ಲೇ ಆಯ್ತಲ್ಲೇ" ಎಂದು ಒಂದು ಸಲ ಅಂದಳು. ಬೆಂಗಳೂರಿನಲ್ಲಿ ಇಳಿಯುವಾಗ ಬ್ಯಾಗನ್ನು ನನ್ನ ತೊಡೆಯ ಮೇಲಿಟ್ಟಳು. "ಮಾತು ಅಂದ್ರೆ ಮಾತು. ತೆರಿಗೆ ಬರ್ಲಿಲ್ಲ, ಬ್ಯಾಗು ನಿಂದು." ಎಂಥೆಂಥ ಗಿರಾಕಿಗಳನ್ನು ಒಪ್ಪಿಸಿದ್ದೇನೆ, ಅವಳನ್ನು ಒಪ್ಪಿಸಲಾಗಲಿಲ್ಲ. ಕೊನೆಗೆ ಚನ್ನರಾಯನದುರ್ಗಕ್ಕೆ ಹೋಗಿ, ಅವಳು ಕಾಫಿಗೆ ಇಟ್ಟಿದ್ದಾಗ ಬ್ಯಾಗನ್ನು ಅವಳ ಬೀರುವಿನಲ್ಲಿಟ್ಟು, ಕಾಫಿ ಕುಡಿದು, ಏನೂ ಹೇಳದೆ ಬಂದುಬಿಟ್ಟೆ.

ಹೋಗುವವರು ನೆನಪಿಡಿ: ಮುದ್ರೆ ಬೀಳುವವರೆಗೆ ಮಾಲನ್ನು ದೇವರಿಗೂ ತೋರಿಸಬೇಡಿ. ಪೂಜೆ, ಅಕ್ಷತೆ ಎಲ್ಲ ಮನೆಗೆ ಬಂದ ಮೇಲೆ.

ಅಕ್ಕ ಈಗಲೂ ನನ್ನ ಅಂಗಡಿಗೆ ಬರುವುದು ವೈರ್ ಬುಟ್ಟಿ ಹಿಡಿದುಕೊಂಡೇ. ಬ್ಯಾಗೆಲ್ಲಿ ಎಂದರೆ "ಮನೇಲೈತೆ, ಬುಡು" ಎನ್ನುತ್ತಾಳೆ. ಹೋದ ತಿಂಗಳು ಅವಳ ಮನೆಗೆ ಹೋದಾಗ ಬೀರು ತೆಗೆದು ನೋಡಿದೆ. ಅಂಗಡಿಯವರು ಕೊಟ್ಟ ಬಟ್ಟೆಯ ಚೀಲದಲ್ಲೇ ಇತ್ತು, ಚೀಟಿಯೂ ಹಾಗೇ ತೂಗುತ್ತಿತ್ತು. ಬಳಸಿದ ಬ್ಯಾಗು ಇದು! ಮೂಗಿಗೆ ಹಿಡಿದೆ: ಹೊಸ ಚರ್ಮದ ವಾಸನೆ, ಒಂದಿಷ್ಟು ಅರಿಶಿನ. ಒಳಗೆ ಆ ರೂಪಾಯಿ ಮತ್ತೆ ಬಂದು ಕೂತಿತ್ತು. ಜಿಪ್ ಪೂರ್ತಿ ಎಳೆಯಲು ಹೋದೆ.

"ಮುಟ್ಟಬ್ಯಾಡ ಕಣೇ" ಎಂದಳು ಅಕ್ಕ, ಅಡಿಗೆಮನೆಯ ಬಾಗಿಲಲ್ಲಿ ನಿಂತು. "ಹಳೇದಾಗೋಯ್ತದೆ."