ಕೆಂಪತ್ತೆಯ ಹೊರೆಗಲ್ಲು

ಕಾರ್ತಿಕದ ಕಡೆಯ ಸೋಮವಾರ, ಬೆಳಗ್ಗೆ ಏಳು ಗಂಟೆ. ಸಾತನೂರಿನಾಚೆಯ ನಮ್ಮೂರಿನ ಹಳೆಯ ಸ್ಮಶಾನದ ಬಾಯಿ. ಹಾಜರಿದ್ದವರು ಕಲ್ಲುಕೆಲಸದ ಮುನಿಯಪ್ಪ, ಅವನ ಆಳುಗಳು, ಸೊಪ್ಪು ಕೊಯ್ಯುವ ಮಾದಮ್ಮ, ಅವಳ ಜೊತೆಯ ಹೆಂಗಸರು, ಮತ್ತು ನಾನು. ಸ್ಮಶಾನ ಸಮಿತಿಯವರಿಗೂ ಹೇಳಿ ಕಳಿಸಿದ್ದೆ, ಬಂದಿರಲಿಲ್ಲ. ಕಾಯುವ ಅಭ್ಯಾಸ ನನಗಿಲ್ಲ. ಕಲ್ಲುಕಂಬಗಳಿಗೆ ಗುಂಡಿ ತೋಡಲು ಹೇಳಿದೆ.

ಮಾದಮ್ಮ ಹೊಲದಿಂದ ನೇರವಾಗಿ ಬಂದವಳು, ಒದ್ದೆ ಗೋಣಿಯಲ್ಲಿ ಸುತ್ತಿದ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ನನ್ನ ಪಕ್ಕದಲ್ಲೇ ಇಳಿಸಿದಳು. ಕೊಯ್ದ ತೊಟ್ಟಿನ ಹಾಲು, ನೆನೆದ ಸೆಣಬು, ಹೊತ್ತವಳ ಬೆವರು ಎಲ್ಲ ಸೇರಿದ ಆ ವಾಸನೆ ಮೂಗಿಗೆ ತಾಗಿದ್ದೇ ತಡ, ನಾನು ನಮ್ಮ ಹಳೆಯ ಮನೆಯ ಹೊಸಿಲ ಮೇಲೆ ನಿಂತಿದ್ದೆ.

ಆ ಮನೆ ಈಗಿಲ್ಲ. ನಡುಮನೆಯನ್ನು ರೇಷ್ಮೆಹುಳುಗಳಿಗೆ ಬಿಟ್ಟುಕೊಟ್ಟು ನಾವೆಲ್ಲ ಜಗಲಿಯಲ್ಲಿ ಮಲಗುತ್ತಿದ್ದ ಮನೆ ಅದು. ಹೊರಗಿನವರು ಹುಳುವಿನ ಕೋಣೆಗೆ ಕಾಲಿಡುವಂತಿರಲಿಲ್ಲ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವ ಮೊದಲು ನಡುವಿನ ಬಾಗಿಲು ಮುಚ್ಚಬೇಕಿತ್ತು. ನಿಮ್ಮ ಬಾಲ್ಯದಲ್ಲೂ ಅಂಥದೊಂದು ಮನೆ ಇದ್ದಿದ್ದರೆ, ಕತ್ತಲಲ್ಲಿ ಸಾವಿರ ಬಾಯಿಗಳು ಎಲೆ ಮೇಯುವ ಸದ್ದು ಕೇಳುತ್ತ ನಿದ್ದೆಹೋಗುವುದು ಎಂಥ ಭದ್ರತೆ ಎಂದು ನಾನು ವಿವರಿಸಬೇಕಿಲ್ಲ. ಆ ಮನೆಗೆ ಸೊಪ್ಪು ಹೊತ್ತು ತರುತ್ತಿದ್ದವಳು ನನ್ನ ಸೋದರತ್ತೆ ಕೆಂಪಮ್ಮ. ನನ್ನ ಬಾಯಲ್ಲಿ ಕೆಂಪತ್ತೆ. ಹೊಲದಿಂದ ಬರುವ ದಾರಿಯಲ್ಲಿ, ಕೆರೆ ಏರಿಯ ಕೆಳಗೆ, ಆಗ ಒಂದು ಹೊರೆಗಲ್ಲಿತ್ತು. ಎರಡು ಕಂಬ, ಮೇಲೊಂದು ಅಡ್ಡ ಚಪ್ಪಡಿ, ಭುಜದೆತ್ತರ. ಒಂಟಿಯಾಗಿ ಬಂದವರು ಯಾರ ಕೈಯನ್ನೂ ಬೇಡದೆ ತಲೆಯ ಹೊರೆಯನ್ನು ಅದರ ಮೇಲೆ ಸರಿಸಿ, ದಣಿವಾರಿಸಿಕೊಂಡು, ಮತ್ತೆ ಹಾಗೆಯೇ ತಲೆಗೆಳೆದುಕೊಂಡು ನಡೆಯಬಹುದಿತ್ತು. ಅತ್ತೆ ಅಲ್ಲಿ ನಿಂತು ಸೆರಗಿನಿಂದ ಮುಖ ಒರೆಸಿ, ಮಡಿಲಿನಿಂದ ಕಪ್ಪು ಹಣ್ಣು ತೆಗೆದು ನನ್ನ ಬಾಯಿಗೆ ಹಾಕುತ್ತಿದ್ದಳು. "ನಾಲ್ಗೆ ತೋರ್ಸು," ಎಂದು ಅದರ ಬಣ್ಣ ನೋಡಿ ನಗುತ್ತಿದ್ದಳು. ಬಸುರಿಯಾಗಿ ಸತ್ತವಳ ಹೆಸರಲ್ಲಿ ಇಂಥ ಕಲ್ಲು ನೆಡುವುದು ನಮ್ಮ ಕಡೆಯ ಪದ್ಧತಿ. ಹೊತ್ತ ಭಾರವನ್ನು ಇಳಿಸದೆ ಹೋದವಳ ಋಣ, ದಾರಿಹೋಕರು ಭಾರ ಇಳಿಸಿದಾಗ ಒಂದಿಷ್ಟು ಹಗುರಾಗುತ್ತದಂತೆ. ಆ ಕಲ್ಲು ಯಾರದೆಂದು ಅತ್ತೆಗೂ ಗೊತ್ತಿರಲಿಲ್ಲ.

ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ಕೆಂಪತ್ತೆ, ನೋವು ತಿಂದು ತಿಂದು, ಹೆರದೆ ಸತ್ತಳು. ಸ್ಮಶಾನದ ಕತ್ತಾಳೆ ಬೇಲಿಯ ಹೊರಗೆ ಹೂತರು. ಹೊಟ್ಟೆಯಲ್ಲಿ ಕೂಸಿಟ್ಟುಕೊಂಡವಳನ್ನು ಒಳಗೆ ಬಿಡುತ್ತಿರಲಿಲ್ಲ. ಅವತ್ತೇ ಹುಳು ಹಣ್ಣಾಗಿದ್ದವು. ಗಂಡಸರು ಮಣ್ಣು ಮಾಡಿ ಬರುವಷ್ಟರಲ್ಲಿ ನನ್ನಜ್ಜಿ ಕಣ್ಣೊರೆಸಿಕೊಂಡು, ಹಣ್ಣುಹುಳುಗಳನ್ನು ಒಂದೊಂದಾಗಿ ಆಯ್ದು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದಳು. ಹುಳುಗಳು ನಾಳೆಗೆ ಕಾಯುವುದಿಲ್ಲ. ಅಳು ಕಾಯಬೇಕಾಯಿತು.

ಕಲ್ಲು ಮಾತ್ರ ಬರಲಿಲ್ಲ. "ಕೊಟ್ಟ ಮೇಲೆ ಅವಳು ಅವರ ಮನೆಯವಳು, ಅವರೇ ನೆಡಲಿ," ಎಂದರು ನಮ್ಮವರು. "ಸತ್ತಿದ್ದು ನಿಮ್ಮ ಮನೆಯಲ್ಲಿ, ನೀವೇ ನೆಡಿ," ಎಂದರು ಅವಳ ಗಂಡನ ಕಡೆಯವರು. ಎರಡು ಮನೆಯವರೂ ಮರ್ಯಾದಸ್ಥರು, ಎರಡು ಮನೆಯವರಿಗೂ ಪದ್ಧತಿ ಚೆನ್ನಾಗಿ ಗೊತ್ತಿತ್ತು. ಹೀಗಾಗಿ ಒಂದು ಕಲ್ಲಿಗೂ ಗತಿಯಿಲ್ಲದೆ ಅತ್ತೆ ಬೇಲಿಯಾಚೆ ಮಲಗಿದಳು. ಕೆರೆ ಏರಿಯ ಹೊರೆಗಲ್ಲು ರಸ್ತೆ ಅಗಲವಾದಾಗ ಉರುಳಿತು. ಅಜ್ಜಿ ಹೋದಳು, ಮನೆ ಹೋಯಿತು. ನಾನು ನರ್ಸಿಂಗ್ ಓದಿ, ಹೆರಿಗೆ ವಾರ್ಡಿನಲ್ಲಿ ಕೂದಲು ಹಣ್ಣಾಗಿಸಿಕೊಂಡು ಊರಿಗೆ ಮರಳಿದೆ. ಸತ್ತ ಯಾವ ತಾಯಿಯನ್ನೂ ಹೆಸರು ಬರೆಯದೆ ವಾರ್ಡಿನಿಂದ ಹೊರಗೆ ಕಳಿಸಿದವಳಲ್ಲ ನಾನು.

ಈ ವರ್ಷ ಸ್ಮಶಾನ ಸಮಿತಿ ಹಿರಿಯರ ನೆನಪಿಗೆ ಕಪ್ಪು ಗ್ರಾನೈಟಿನ ಸ್ಮಾರಕ ಮಾಡಿಸಲು ಚಂದಾ ಎತ್ತಿತು. ಅಧ್ಯಕ್ಷ ಚಿಕ್ಕೇಗೌಡ ನನ್ನ ಓರಗೆಯವನು, ವಯಸ್ಸಿನಲ್ಲಿ ಒಂದೆರಡು ವರ್ಷಕ್ಕೆ ಕಿರಿಯ. ಪಂಚಾಯಿತಿ ಕಟ್ಟೆಯ ಸಭೆಗೆ ಹೋಗಿ, ಕೆಂಪಮ್ಮನ ಹೆಸರೂ ಅದರಲ್ಲಿ ಬರಲಿ ಎಂದೆ.

"ಜಯಕ್ಕ, ನೀನು ಓದ್ದೋಳು. ಬಸ್ರೀಲಿ ಸತ್ತೋಳ ಹೆಸ್ರು ಮಸಾಣದೊಳಕ್ಕೆ ತಂದ್ರೆ ಊರ್ಗೆ ಒಳ್ಳೇದಾಯ್ತದಾ?"

"ಹಾಗಾದರೆ ಬೇಲಿಯ ಬಳಿ ಅವಳಿಗೊಂದು ಹೊರೆಗಲ್ಲು ನೆಡಿಸಿ. ನಮ್ಮದೇ ಪದ್ಧತಿ ತಾನೆ?"

ಅವನು ನಕ್ಕ. "ಈಗ್ಯಾರಕ್ಕ ಹೊರೆ ಹೊತ್ತಾರು? ಸೊಪ್ಪೆಲ್ಲ ಆಟೋದಾಗೆ ಬತ್ತದೆ."

ಕಟ್ಟೆಯ ಕೆಳಗೆ ನಿಂತಿದ್ದ ಮಾದಮ್ಮ ಬಾಯಿ ಹಾಕಿದಳು. "ಆಟೋ ಬರೋದು ನಿಮ್ಮ ಮನೆ ಬಾಗ್ಲಿಗೆ ಗೌಡ್ರೇ. ಹೊಲದಿಂದ ಆಟೋಗಂಟ ನಿಮ್ಮ ಸೊಪ್ಪ ನಿಮ್ಮ ತಾತ ಹೊತ್ತಾನಾ?"

ಹೆಂಗಸರು ಮುಸಿಮುಸಿ ನಕ್ಕರು. ಚಿಕ್ಕೇಗೌಡ ಸಭೆ ಮುಗಿಸಿದ. ನಾನು ಚಂದಾ ಕೊಡಲಿಲ್ಲ. ಕಲ್ಲನ್ನು ನಾವೇ ನೆಡುತ್ತೇವೆ ಎಂದು ಅಲ್ಲೇ ನಿಂತು ಹೇಳಿ ಬಂದೆ.

ದುಡ್ಡಿನ ದಾರಿ ತೋರಿಸಿದವಳು ಮಾದಮ್ಮ. ಗೂಡು ಬಿಡಿಸುವಾಗ ಮನೆಗೊಂದು ಬೊಗಸೆ ಗೂಡು ಎತ್ತಿಡುವುದೆಂದು ಹೆಂಗಸರು ಮಾತಾಡಿಕೊಂಡರು. ಎತ್ತಿಯೂ ಇಟ್ಟರು. ಆದರೆ ಹಳದಿಯೂ ಬಿಳಿಯೂ ಒಂದೇ ಚೀಲಕ್ಕೆ ಬಿದ್ದಿದ್ದವು. ರೇಷ್ಮೆಯಲ್ಲೇ ಹುಟ್ಟಿ ಬೆಳೆದ ನಾವು, ಪುಣ್ಯದ ಕೆಲಸಕ್ಕೆ ಜಾತಿ ಬೇರ್ಪಡಿಸಬಾರದು ಎಂಬ ಹುಮ್ಮಸ್ಸಿನಲ್ಲಿ, ಬೆರಕೆ ಗೂಡಿಗೆ ಬೆಲೆಯಿಲ್ಲ ಎಂಬುದನ್ನೇ ಮರೆತಿದ್ದೆವು. ರಾಮನಗರದ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ಒಬ್ಬ ಸಾಹೇಬರು ಗೂಡನ್ನು ಕೈಯಲ್ಲಾಡಿಸಿ, "ಏನಮ್ಮ ಇದು, ಗೂಡೋ ಚಿತ್ರಾನ್ನವೋ?" ಎಂದರು. "ನಮ್ಮೂರ್ನೋರೆಲ್ಲ ಸೇರವ್ರೆ ಸಾಬ್ರೇ, ಒಂದೇ ಬಣ್ಣದಾಗೆ ಎಲ್ಲಿಂದ ತರಾದು?" ಎಂದಳು ಮಾದಮ್ಮ. ಬೆಲೆ ಕಡಿಮೆಯೇ ಬಂತು. ಕೊರತೆಗೆ ನನ್ನ ಪಿಂಚಣಿ ಇತ್ತು.

ಸೋಮವಾರ ಮಧ್ಯಾಹ್ನದ ಹೊತ್ತಿಗೆ ಕಂಬಗಳು ನಿಂತವು. ಕತ್ತಾಳೆ ಸತ್ತು ಎಷ್ಟೋ ಕಾಲವಾಗಿತ್ತು. ಅದರ ಬೊಡ್ಡೆಗಳನ್ನು ನೋಡಿ ಬೇಲಿಯ ಗೆರೆ ಹುಡುಕಿ, ಒಂದು ಕಂಬವನ್ನು ಆಚೆಗೆ, ಒಂದನ್ನು ಈಚೆಗೆ ನೆಡಿಸಿದೆ. ಚಪ್ಪಡಿ ಎರಡೂ ಕಡೆ ಸೇರಿ ಕೂತಿತು. ಅದರ ಮುಖದ ಮೇಲೆ 'ಕೆಂಪಮ್ಮ' ಎಂದು ಮುನಿಯಪ್ಪ ಮೊದಲೇ ಕೆತ್ತಿ ತಂದಿದ್ದ.

ಇಳಿಹೊತ್ತಿನಲ್ಲಿ ಚಿಕ್ಕೇಗೌಡ ಸಮಿತಿಯ ಇಬ್ಬರನ್ನು ಕಟ್ಟಿಕೊಂಡು ಬಂದ. ಹೆಸರು ನೋಡಿ ಮುಖ ಕೆಂಪಾಯಿತು.

"ಕಲ್ಲು ನೆಟ್ಟೆ, ಸರಿ. ಹೊರೆಗಲ್ಲಿಗೆ ಯಾವ ಕಾಲದಾಗೆ ಹೆಸ್ರು ಬರ್ದವ್ರೆ? ಅಳ್ಸು ಅದ."

"ನಿನ್ನ ಗ್ರಾನೈಟಿನಲ್ಲಿ ಚಂದಾ ಕೊಟ್ಟವರ ಹೆಸರು ಬರೆಸಿದ್ದೀಯಲ್ಲ?"

"ಅವ್ರು ಬದುಕಿರೋರು."

"ಇವಳು ಬದುಕಬೇಕಾಗಿದ್ದವಳು. ನಿನ್ನನ್ನೂ ಸೊಂಟದ ಮೇಲೆ ಹೊತ್ತು ತಿರುಗಿದವಳು, ಚಿಕ್ಕ. ಅಳಿಸುವುದಾದರೆ ಉಳಿ ಅಲ್ಲಿದೆ, ನೀನೇ ಅಳಿಸು."

ಮುನಿಯಪ್ಪ ನಿಜಕ್ಕೂ ಉಳಿಯನ್ನು ಅವನ ಕಡೆಗೆ ನೀಡಿದ. ಹೆಂಗಸರು ಕೊಯ್ಲಿನ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದರು. ಚಿಕ್ಕೇಗೌಡ ಉಳಿ ಮುಟ್ಟಲಿಲ್ಲ. ಚಪ್ಪಡಿಯ ಅಂಚನ್ನು ಒಮ್ಮೆ ಅಂಗೈಯಿಂದ ಸವರಿ, ಟವೆಲ್ಲು ಕೊಡವಿಕೊಂಡು ಹೊರಟುಹೋದ.

"ಇಷ್ಟೇನಾ ಅಮ್ಮ, ಸಾಮಾನು ಕಟ್ಲಾ?" ಎಂದು ಮುನಿಯಪ್ಪ ಕೇಳಿದ.

"ಇನ್ನೊಂದು ಸಾಲಿದೆ," ಎಂದೆ. ಹೊತ್ತು ಮುಳುಗುವ ಮೊದಲು ಅವನು ಅದನ್ನೂ ಕೆತ್ತಿದ. ಪುಡಿಯನ್ನು ನಾನು ಸೆರಗಿನಿಂದ ಒರೆಸಿದೆ. ಸಣ್ಣ ಕುಂಚದಿಂದ ಅಕ್ಷರಗಳ ಗುಳಿಗೆ ಬಿಳಿ ಬಣ್ಣ ತುಂಬಿದೆ: ಕೆಂಪಮ್ಮ. ಅದರ ಕೆಳಗೆ: ಮತ್ತು ಅವಳ ಕೂಸು. ಕುಂಚವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಡಬ್ಬಿಯ ಮುಚ್ಚಳವನ್ನು ಒತ್ತಿ ಮುಚ್ಚಿದೆ.