ಬ್ಲೂಟೂತ್ ಆರಿಸು ಎನ್ನುತ್ತಿದ್ದ ದೊಡ್ಡತ್ತೆ

ದೊಡ್ಡತ್ತೆ ಫೋನನ್ನು ಬೆರಳ ತುದಿಯಿಂದ ಮುಟ್ಟುತ್ತಿರಲಿಲ್ಲ. ತೋರುಬೆರಳನ್ನು ಮಡಚಿ ಗೆಣ್ಣಿನಿಂದ ಒತ್ತುತ್ತಿದ್ದರು. ಆಯುಷ್ಯವೆಲ್ಲ ಜೋಳದ ರೊಟ್ಟಿ ಬಡಿದು, ಕಾದ ಹಂಚಿನ ಮೇಲೆ ಬರಿಗೈಯಲ್ಲಿ ತಿರುವಿ ಹಾಕಿ, ಅವರ ಬೆರಳ ತುದಿಗಳು ಎಷ್ಟು ಗಟ್ಟಿಯಾಗಿದ್ದವೆಂದರೆ ಅವು ಬೆರಳೆಂದು ಫೋನಿಗೆ ಗೊತ್ತೇ ಆಗುತ್ತಿರಲಿಲ್ಲ. "ಇದಕ್ಕ ಮೆತ್ತನ್ನ ಕೈಯೋರು ಬೇಕು ನೋಡು," ಎಂದು ನಗುತ್ತಿದ್ದರು.

ಅವರು ನನ್ನ ಮಾವನವರ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಹರಪನಹಳ್ಳಿಯ ಈ ತವರುಮನೆಗೆ ವಾಪಸು ಬಂದವರು ಇಲ್ಲೇ ಉಳಿದರು. ತಮ್ಮನ ಮಕ್ಕಳನ್ನು ಬೆಳೆಸಿದರು, ಅಡುಗೆಮನೆ ನೋಡಿಕೊಂಡರು. ಪಡಸಾಲೆಯಲ್ಲಿ ಅವರು ಕುಳಿತದ್ದನ್ನು ಮಾತ್ರ ನಾನು ಕಂಡಿರಲಿಲ್ಲ. ಏನಿದ್ದರೂ ಬಾಗಿಲ ಚೌಕಟ್ಟು ಹಿಡಿದು ನಿಂತೇ ಮಾತು.

ನಮ್ಮದು ಮೆಕ್ಕೆಜೋಳದ ವ್ಯಾಪಾರದ ಮನೆ. ಹೊರಗೆ ಹೋಗಬೇಕೆಂದರೆ ಪಡಸಾಲೆ ದಾಟಬೇಕು, ಪಡಸಾಲೆ ದಾಟಬೇಕೆಂದರೆ "ಎಲ್ಲಿಗವ್ವಾ?" ಎಂಬ ಪ್ರಶ್ನೆ ದಾಟಬೇಕು. ಕೇಳುವವರ ದನಿಯಲ್ಲಿ ಸಿಟ್ಟಿರುತ್ತಿರಲಿಲ್ಲ. ಸಿಟ್ಟಿದ್ದರೆ ಜಗಳವನ್ನಾದರೂ ಆಡಬಹುದಿತ್ತು! ಬಿ.ಎಡ್. ಮುಗಿಸಿ ಬಂದಿದ್ದ ನಾನು ಕೆಲಸಕ್ಕೆ ಹೋಗುತ್ತೇನೆಂದರೆ ಮಾವನವರು, "ಇಲ್ಲಿ ಏನ್ ಕಮ್ಮಿ ಆಗೈತಿ ನಿನಗ?" ಎಂದು ನಿಜವಾಗಿಯೂ ಆಶ್ಚರ್ಯಪಡುತ್ತಿದ್ದರು. ಗಂಡನನ್ನು ಕೇಳಿದರೆ "ಅಪ್ಪಾರ್ನ ಕೇಳು" ಎನ್ನುತ್ತಿದ್ದರು. ಹಿತ್ತಲಲ್ಲಿ ಒಣಹಾಕಿದ ಸೀರೆಗಳ ಮರೆಯಲ್ಲಿ ನಿಂತು ಎಷ್ಟು ಸಲ ಅತ್ತಿದ್ದೇನೋ, ಶಿವನೇ ಬಲ್ಲ.

ಪಡಸಾಲೆಯ ಗೂಡಿನಲ್ಲಿ ಒಂದು ಸ್ಪೀಕರ್ ಇತ್ತು. ಮಾವನವರು ಬೆಳಿಗ್ಗೆ ವಚನ ಕೇಳುತ್ತಿದ್ದರು, ಮಧ್ಯಾಹ್ನ ವಾರ್ತೆ. ಒಂದು ಶ್ರಾವಣದಲ್ಲಿ ಹಾಡು ಹಾಕಲೆಂದು ನನ್ನ ಫೋನನ್ನೂ ಅದಕ್ಕೆ ಜೋಡಿಸಿದ್ದರು. ಅದಾದ ಮೇಲೆ ಶುರುವಾಯಿತು ದೊಡ್ಡತ್ತೆಯ ಕಾಟ.

"ಯವ್ವಾ, ಬ್ಲೂಟೂತ್ ಆರ್ಸಿದಿಯೇನು? ಬ್ಯಾಟರಿ ಕುಡೀತೈತಿ."

"ಅದೇನು ಬಾಳ ಕುಡಿಯಂಗಿಲ್ರಿ ದೊಡ್ಡತ್ತಿ. ಸುಮ್ನ ಹತ್ರ ಯಾರದಾರ ಅಂತ ಹುಡುಕ್ತಿರ್ತೈತಿ ಅಷ್ಟ."

"ಹನಿಹನಿ ಕೂಡಿದ್ರ ಹಳ್ಳ. ಆರ್ಸು ಮೊದ್ಲು."

ಉಣ್ಣುವಾಗ, ಕಾಯಿಪಲ್ಲೆ ಹೆಚ್ಚುವಾಗ, ನಾನು ತವರಿಗೆ ಫೋನು ಮಾಡಲು ಎದ್ದಾಗಲಂತೂ ತಪ್ಪದೆ ಇದೇ ಮಾತು. ಎದುರಿಗೇ ಬಂದು ಗೆಣ್ಣಿನಿಂದ ಒತ್ತಿ ತಾವೇ ಆರಿಸಿ ಹೋಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಈ ಮನೆಯಲ್ಲಿ ನನ್ನದೆಂದು ಇದ್ದದ್ದು ಆ ಫೋನೊಂದೇ, ಅದಕ್ಕೂ ಒಬ್ಬ ಕಾವಲುಗಾರ್ತಿಯೇ?

ಹತ್ತಿರದ ತೆಲಿಗಿ ಊರಿನ ಶಾಲೆಯೊಂದರಲ್ಲಿ ಶಿಕ್ಷಕಿ ಬೇಕಾಗಿದ್ದಾರೆಂದು ಗೆಳತಿಯೊಬ್ಬಳಿಂದ ತಿಳಿದು, ಯಾರಿಗೂ ಹೇಳದೆ ಅರ್ಜಿ ಹಾಕಿದೆ. ಒಂದು ಮಧ್ಯಾಹ್ನ ಇಯರ್‌ಬಡ್ ಹಾಕಿಕೊಂಡು ಪಾಠವೊಂದನ್ನು ಕೇಳುತ್ತ ಹಿಟ್ಟು ನಾದಿದೆ. ಇಯರ್‌ಬಡ್ ತೆಗೆದಿಟ್ಟೆ, ಬ್ಲೂಟೂತ್ ಆರಿಸಲಿಲ್ಲ. ದೊಡ್ಡತ್ತೆ ಆಗ ಹಿತ್ತಲಲ್ಲಿದ್ದರು. ಪಡಸಾಲೆಯಲ್ಲಿ ಮಾವನವರು ವಾರ್ತೆ ಕೇಳಲೆಂದು ಸ್ಪೀಕರ್ ಹಚ್ಚಿದ್ದೇ ತಡ, ನನ್ನ ಫೋನು ಹೋಗಿ ಅದಕ್ಕೆ ಕೂಡಿಕೊಂಡಿತು. ಅಷ್ಟರಲ್ಲೇ ಕರೆ ಬರಬೇಕೇ! ಎತ್ತಿ "ಹಲೋ, ಹಲೋ" ಅಂದೆ. ಕಿವಿಗೆ ಏನೂ ಕೇಳಲಿಲ್ಲ. ಕೇಳಿದ್ದು ಪಡಸಾಲೆಯಿಂದ, ವಚನ ಬರುತ್ತಿದ್ದ ಅದೇ ಗೂಡಿನಿಂದ, ಮನೆಯೇ ತುಂಬುವಂತೆ.

"ಮೇಡಂ, ತೆಲಿಗಿ ಸಾಲಿ ಹೆಡ್‌ಮೇಡಂ ಮಾತಾಡೋದು. ಸೋಮವಾರ ಬಂದು ಒಂದು ಪಾಠ ಮಾಡಿ ತೋರಿಸ್ರಿ. ಮನ್ಯಾಗ ಇನ್ನಾ ಹೇಳಿಲ್ಲ ಅಂದಿದ್ರಲ್ಲ, ಹೇಳೇ ಬರ್ರಿ ಮತ್ತ."

ಕರೆ ಕತ್ತರಿಸಿ ಬಾಗಿಲಿಗೆ ಬಂದರೆ ಮಾವನವರು, ಭಾವನವರು, ಇಬ್ಬರು ವ್ಯಾಪಾರಿಗಳು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಯಾರ್ನ ಕೇಳಿ ಹಾಕಿದಿ ಅರ್ಜಿ?" ಮಾವನವರ ದನಿ ಏರಿರಲಿಲ್ಲ.

ಆಗ ಹಿಂದಿನಿಂದ ದೊಡ್ಡತ್ತೆ ಬಂದರು. ಸೆರಗಿಗೆ ಕೈ ಒರೆಸಿಕೊಂಡು, ಹೊಸ್ತಿಲು ದಾಟಿ, ತಮ್ಮನ ಎದುರಿನ ಕುರ್ಚಿಯಲ್ಲಿ ಕುಳಿತರು. ಕುಳಿತೇಬಿಟ್ಟರು!

"ನನ್ನ ಕೇಳಿ ಹಾಕ್ಯಾಳ. ನಾನ ಹಾಕು ಅಂದೆ. ಏನೀಗ?"

"ಅಕ್ಕಾ, ನೀನು ಒಳಗ ಹೋಗು."

"ಒಳಗ ಇದ್ದಿದ್ದು ಸಾಕಾತು ತಮ್ಮಾ. ಇಷ್ಟು ವರ್ಷ ಇದು ಬೇಕು ಅಂತ ನಿನ್ನ ಏನರ ಕೇಳೀನೇನು? ಈಗ ಕೇಳ್ತೀನಿ. ಅಕಿ ಸೋಮವಾರ ಹೋಗ್ತಾಳ."

ನಾನು ಅವರನ್ನು ಏನೂ ಕೇಳಿರಲಿಲ್ಲ. ಹಸಿ ಸುಳ್ಳು ಅದು. ತಮ್ಮನ ಮನೆಯಲ್ಲಿ ಉಣ್ಣುವ ಹೆಂಗಸು ಅಂಥ ಸುಳ್ಳಿಗೆ ಏನೇನು ಪಣಕ್ಕಿಡುತ್ತಾಳೆಂಬುದು ನನಗೆ ಗೊತ್ತಿತ್ತು. ಮಾವನವರು ಎದ್ದು ಸ್ಪೀಕರ್ ಆರಿಸಿದರು. "ಸಂಜಿ ಬಸ್ಸಿಗೆ ಬಂದುಬಿಡ್ಬೇಕು" ಎಂದಷ್ಟೇ ಅಂದರು. ಮುಂದೆ ಕೆಲವು ತಿಂಗಳು ಅಕ್ಕನೊಡನೆ ಮಾತು ಬಿಟ್ಟರು.

ಆಮೇಲೆ ಅಡುಗೆಮನೆಯಲ್ಲಿ, "ನಾನು ನೌಕರಿ ಹುಡುಕ್ತಿದ್ದದ್ದು ನಿಮಗ ಹೆಂಗ ಗೊತ್ತಿತ್ರಿ?" ಎಂದು ಕೇಳಿದೆ.

"ಹಿಂದೊಮ್ಮಿ ನಿಮ್ಮವ್ವ ನಿನ್ನ ಕೂಡ ಮಾತಾಡಿದ್ದು ಹಿಂಗ ಸ್ಪೀಕರ್‌ನಾಗ ಕೇಳಿಸ್ತು. ನೀನು ಸಿಗ್ನಲ್ ಹೋತು ಅಂದ್ಕೊಂಡು ಒಳಗ ಹಲೋ ಹಲೋ ಅಂತಿದ್ದಿ. 'ಅಳಬ್ಯಾಡ, ನೌಕರಿ ಸಿಕ್ಕ ಸಿಗ್ತೈತಿ' ಅಂತಿದ್ಲು. ಪುಣ್ಯಾ, ಅವತ್ತು ಪಡಸಾಲ್ಯಾಗ ಕಸ ಹೊಡಿಯೋಕ ಬಂದಿದ್ದ ನಾನೊಬ್ಬಾಕಿನ ಇದ್ದೆ. ಎಲ್ಲಾರ ಮುಂದ ಹೆಂಗ ಹೇಳ್ಲಿ? ಬ್ಯಾಟರಿ ಅಂದೆ."

"ಹಂಗಾದ್ರ ಬ್ಯಾಟರಿ ಮಾತು ಸುಳ್ಳು!"

"ಸುಳ್ಳಲ್ಲವ್ವಾ," ಎಂದು ರೊಟ್ಟಿ ತಿರುವಿ ಹಾಕಿದರು. "ಯಾರರ ಕರೀತಾರೇನು ಅಂತ ಕಾಯ್ಕೊಂಡು ಕುಂತ್ರೂ ಖರ್ಚಾಗ್ತೈತಿ. ಸ್ವಲ್ಪ ಸ್ವಲ್ಪಾನ. ಅದಕ್ಕ ಕಾಣಂಗಿಲ್ಲ. ನಾನು ಈ ಮನ್ಯಾಗ ಹಂಗ ಖರ್ಚಾಗೀನಿ."

ನನಗೆ ತಡೆಯಲಾಗಲಿಲ್ಲ, ಅವರ ಹೆಗಲ ಮೇಲೆ ತಲೆಯಿಟ್ಟು ಅತ್ತೆ. "ಹಿಟ್ಟು ಹತ್ತೀತು ಸೀರಿಗೆ," ಎಂದು ಬೈದರು.

ಆ ಕೆಲಸ ನನಗೆ ಸಿಕ್ಕಿತು. "ನಿನ್ನ ಸಾಲಿ ಒಮ್ಮಿ ನೋಡ್ಬೇಕು ಲೇ ಹುಡುಗಿ" ಎನ್ನುತ್ತಿದ್ದರು ದೊಡ್ಡತ್ತೆ. ನಾನು ಕರೆದಾಗಲೆಲ್ಲ "ರೊಟ್ಟಿ ಯಾರು ಮಾಡ್ತಾರ?" ಎಂದು ಉಳಿದುಬಿಡುತ್ತಿದ್ದರು. ಹೋದ ವರ್ಷ ಚಳಿಗಾಲದಲ್ಲಿ, ನಾನು ತರಗತಿಯಲ್ಲಿದ್ದಾಗ, ಅದೇ ಒಲೆಯ ಮುಂದೆ ಕುಸಿದು ತೀರಿಕೊಂಡರು. ಶಾಲೆಯನ್ನು ನೋಡಲೇ ಇಲ್ಲ.

ಈಗಲೂ ಸಂಜೆ ಬಂದರೆ ಪಡಸಾಲೆಯಲ್ಲಿ "ಯಾಕವ್ವಾ ತಡ ಆತು?" ಎಂಬ ಪ್ರಶ್ನೆ ಕಾದಿರುತ್ತದೆ. ಉತ್ತರ ಕೊಡುತ್ತೇನೆ, ಎದುರಿನ ಕುರ್ಚಿಯಲ್ಲಿ ಕುಳಿತು. ಬೆಳಿಗ್ಗೆ ತೆಲಿಗಿ ಬಸ್ಸು ಹತ್ತಿದೊಡನೆ ಬ್ಲೂಟೂತ್ ಆರಿಸುತ್ತೇನೆ. ಅದರಿಂದ ಉಳಿಯುವ ಚಾರ್ಜು ಅಷ್ಟಕ್ಕಷ್ಟೇ ಎಂದು ಗೊತ್ತು. ಆದರೂ ಆರಿಸುತ್ತೇನೆ, ಬೆರಳು ಮಡಚಿ, ಗೆಣ್ಣಿನಿಂದ.