ಗುಂಡಯ್ಯ ಮುಚ್ಚಿದ ಐದು ಗಾಯ

ಚನ್ನರಾಯಪಟ್ಟಣದಲ್ಲಿ ಬಣ್ಣದ ಗುಂಡಯ್ಯನ ಬಾಯಿಗೆ ಹೆದರದವರು ಕಡಿಮೆ. ಬೋರ್ಡು ಬರೆಯುವ ಕೆಲಸವನ್ನು ಫ್ಲೆಕ್ಸು ನುಂಗಿಹಾಕಿದ ಮೇಲಂತೂ ಆ ಬಾಯಿ ಇನ್ನಷ್ಟು ಕೆಟ್ಟಿತು. ಉಳಿದದ್ದು ದೇವರ ಮೂರ್ತಿಗಳಿಗೆ ಬಣ್ಣ ಹಚ್ಚುವುದೊಂದೇ. ಅದರಲ್ಲಿ ಮಾತ್ರ ಅವನನ್ನು ಮೀರಿಸುವವರಿಲ್ಲ. ಎಲ್ಲ ಬಣ್ಣ ಮುಗಿದ ಮೇಲೆ ಸ್ನಾನ ಮಾಡಿ ಬಂದು, ಅಪ್ಪ ಕೊಟ್ಟ ಸಣ್ಣ ಬ್ರಷ್ಷಿನಿಂದ ಮೂರ್ತಿಗೆ ಕಣ್ಣು ಬಿಡಿಸುತ್ತಿದ್ದ. ಅಪ್ಪ ರುದ್ರಯ್ಯ ಸಾಯುವಾಗ ಆಣೆ ಹಾಕಿಸಿಕೊಂಡಿದ್ದ: ಕಣ್ಣು ಬಿಡಿಸಿದ ಮೂರ್ತಿಗೆ ಕಬ್ಬಿಣ ತಾಗಿಸಬಾರದು, ತಾಗಿಸಿದ ಕೈ ಮತ್ತೆ ಆ ಬ್ರಷ್ಷು ಹಿಡಿಯಬಾರದು.

ಜನವರಿಯಲ್ಲಿ ಚರ್ಚಿನ ಹಿರಿಯ ಚೌರಪ್ಪ ಗೂಡ್ಸ್ ಆಟೋದಲ್ಲಿ ಸಂತ ಸೆಬಾಸ್ಟಿಯನ್ನರ ಮೂರ್ತಿ ತಂದಿಳಿಸಿದ. ಮೊದಲ ದಿನವೇ ಇಬ್ಬರಿಗೂ ಆಗಿಬರಲಿಲ್ಲ.

"ಇಪ್ಪತ್ತಕ್ಕೆ ಹಬ್ಬ. ಕುಂಕುಮ ಗಿಂಕುಮ ಇಟ್ಬುಟ್ಟೀರಿ, ಉಸಾರು" ಎಂದ ಚೌರಪ್ಪ.

"ನನ್ ಕೆಲ್ಸ ನಂಗೆ ಏಳ್ಕೊಡಬ್ಯಾಡಿ, ಓಗಿ."

ಆಟೋ ಹೋದದ್ದೇ ತಡ, ತಮ್ಮ ರುದ್ರೇಶ ಜಗಲಿಗೆ ಬಂದ. "ಎದೆ ಮ್ಯಾಲೆ ಲಿಂಗ, ಕೈಯಾಗೆ ಅವ್ರ ದ್ಯಾವ್ರು. ನಾಚ್ಕೆ ಆಗಕಿಲ್ವಾ ಅಣ್ಣ?"

"ಬಣ್ಣಕ್ಕೂ ಜಾತಿ ಅಚ್ತೀಯಲ್ಲ, ನಿಂಗಾಗ್ಬೇಕು ಕಣ್ಲಾ ನಾಚ್ಕೆ."

ರುದ್ರೇಶ ಅಂದಿನಿಂದ ಮಾತು ಬಿಟ್ಟ. ಹೋದರೆ ಹೋಗಲಿ ಎಂದುಕೊಂಡು ಗುಂಡಯ್ಯ ಮೂರ್ತಿಯ ಧೂಳು ಒರೆಸಿದ. ಮರಕ್ಕೆ ಕಟ್ಟಿಹಾಕಿದ ಹುಡುಗುಮುಖದ ಯೋಧ. ಮೈಮೇಲೆ ಐದು ತೂತು. ಗುಂಡಯ್ಯನಿಗೆ ಮೈಯೆಲ್ಲ ಉರಿದುಹೋಯಿತು. ಭಿನ್ನವಾದ ಮೂರ್ತಿಗೆ ಯಾರಾದರೂ ಪೂಜೆ ಮಾಡುತ್ತಾರೆಯೇ? ಒಂದು ಮಾತು ಕೇಳಬಹುದಿತ್ತು. ಆದರೆ ಚೌರಪ್ಪನನ್ನು ಕೇಳುವುದಕ್ಕೆ ಇವನ ಜಂಬ ಬಿಡಬೇಕಲ್ಲ! ನಾಲ್ಕು ದಿನ ಕೂತು ತೂತುಗಳಿಗೆ ಪುಟ್ಟಿ ತುಂಬಿ, ಉಪ್ಪುಕಾಗದದಲ್ಲಿ ಉಜ್ಜಿ, ಎಲ್ಲಿದ್ದವೆಂದು ನೋಡಿದವರಿಗೆ ತಿಳಿಯದಂತೆ ಮೈಬಣ್ಣ ಕೊಟ್ಟ. ಆ ಹುಡುಗುಮುಖದ ಮೇಲೆ ಅವನಿಗೆ ಕನಿಕರ ಹುಟ್ಟಿತ್ತು. ಕೊನೆಗೆ ಸ್ನಾನ ಮಾಡಿ ಕಣ್ಣು ಬಿಡಿಸಿದ.

ಹತ್ತೊಂಬತ್ತರ ಬೆಳಿಗ್ಗೆ ಚೌರಪ್ಪ ಬಟ್ಟೆಗಂಟು ಹಿಡಿದು ಬಂದ. ಒಳಗೆ ಪಾಲಿಶ್ ಮಾಡಿಸಿದ ಐದು ಹಿತ್ತಾಳೆ ಬಾಣ. ಮೂರ್ತಿ ನೋಡಿ ಅವನ ಮುಖ ಕಪ್ಪಿಟ್ಟಿತು.

"ತೂತೆಲ್ರೀ? ಬಾಣ ಎಲ್ಲಿ ಸಿಗ್ಸ್ಲಿ?"

"ಯಾವ ಬಾಣ? ಒಡ್ಕು ಅಂತ ಮುಚ್ಚಿವ್ನಿ."

"ಯೇಸುನ ಬುಡಕಿಲ್ಲ ಅಂದಿದ್ಕೆ ರೋಮಿನ ರಾಜ ಮರಕ್ಕೆ ಕಟ್ಟಿ ಒಡ್ಸಿದ ಬಾಣ! ಅದು ಒಡ್ಕಲ್ಲ ಕಣ್ರೀ, ಅವ್ರ ಸಾಕ್ಷಿ. ಬೇಕೂಂತ್ಲೇ ಅಳಿಸಿದ್ದೀರಿ. ನಿಮ್ ತಮ್ಮ ಏಳ್ಕೊಟ್ನಾ?"

ಬೇಕೂಂತಲೇ ಎಂಬ ಮಾತು ಗುಂಡಯ್ಯನಿಗೆ ನಾಟಿತು. "ಕಣ್ ಬುಡ್ಸಿದ ಮೂರ್ತೀನ ನಾನು ಕೊರಿಯಾಕಿಲ್ಲ" ಎಂದ.

"ನಾನೇ ಕೊರೀತೀನಿ ಬುಡಿ" ಎಂದು ಚೌರಪ್ಪ ಬೋರ್ಡು ಕೂರಿಸಲು ಇಟ್ಟಿದ್ದ ಡ್ರಿಲ್ಲಿಂಗ್ ಮೆಷಿನ್ ಎತ್ತಿ ಮೂರ್ತಿಯ ಭುಜಕ್ಕೆ ಒತ್ತಿದ. ಅಭ್ಯಾಸವಿಲ್ಲದ ಕೈಯಲ್ಲಿ ಮೆಷಿನ್ ಜಾರಿತು. ಭುಜದಿಂದ ಕುತ್ತಿಗೆಗೆ ಕೂದಲೆಳೆಯಷ್ಟು ಬಿರುಕು ಓಡಿತು. ಇನ್ನೊಂದು ಸಲ ಒತ್ತಿದ್ದರೆ ತಲೆಯೇ ಕೆಳಗೆ.

ಗುಂಡಯ್ಯ ಮೆಷಿನ್ ಕಿತ್ತುಕೊಂಡ. ತಾನೇ ಬಿಡಿಸಿದ ಕಣ್ಣುಗಳು ತನ್ನನ್ನೇ ನೋಡುತ್ತಿದ್ದವು. ಅವುಗಳೆದುರೇ ಐದೂ ತೂತು ಕೊರೆದ. ಬಿಳಿ ಪುಡಿ ಅವನ ಎದೆಯ ಲಿಂಗದ ಕರಡಿಗೆಯ ಮೇಲೆಲ್ಲ ಉದುರಿತು. ಅವನು ಗೋಡೆಗೆ ಒರಗಿ ಕೂತ.

ಬಾಣ ಸಿಗಿಸಿದ ಚೌರಪ್ಪ ಗೆದ್ದವನಂತೆ ಪಾಠ ಶುರುಮಾಡಿದ. "ತಿಳ್ಕೊಳ್ಳಿ, ಈ ಬಾಣಕ್ಕೆ ಸಾಯ್ಲಿಲ್ಲ ಅವ್ರು. ಮಣ್ಣು ಮಾಡಕ್ ಬಂದ ಒಬ್ಬ ವಿಧವೆ, ಉಸ್ರೈತೆ ಅಂತ ಮನೆಗೆ ಒಯ್ದು ಗಾಯ ಎಲ್ಲಾ ಮಾಯ್ಸಿದ್ಲು. ತಿರ್ಗಾ ರಾಜನ್ ಮುಂದೇನೇ ಓಗಿ ನಿಂತ್ರು. ಆಗ ದೊಣ್ಣೇಲಿ ಒಡ್ದು ಸಾಯ್ಸಿದ್ದು."

ಗುಂಡಯ್ಯ ತಲೆಯೆತ್ತಿದ. "ಅಂಗಾರೆ ನಾನು ಮಾಡಿದ್ದು ಆ ಯಮ್ಮನ ಕೆಲ್ಸ. ನೀವು ನನ್ ಕೈಲಿ ಮಾಡ್ಸಿದ್ದು ಬಾಣ ಒಡ್ದ ಸಿಪಾಯಿಗೋಳ ಕೆಲ್ಸ."

ಗುಂಡಯ್ಯ ಎದ್ದು, ಅಪ್ಪನ ಬ್ರಷ್ಷನ್ನು ಬಾಣ ಸುತ್ತಿದ್ದ ಬಟ್ಟೆಯ ಮೇಲೆ ಎಸೆದ. "ಇದ್ನೂ ತಕೊಂಡ್ ಓಗಿ. ನಂಗಿನ್ ಬ್ಯಾಡ."

ಆ ವರ್ಷ ಅವನ ಜಗಲಿಯ ಗಣಪತಿಗಳೆಲ್ಲ ಬರಿಯ ಬಿಳಿಗಣ್ಣಿನಲ್ಲಿ ಕೂತಿದ್ದವು. ಕಣ್ಣು ಬಿಡಿಸಲು ಜನ ಹಾಸನದಿಂದ ಬೇರೆಯವನನ್ನು ಕರೆತಂದರು.